ನಾರಾಯಣಪೇಟೆಯಲ್ಲಿ ಖಾಲಿ ಕೈ ನಡಿಗೆ

ಸಂಕ್ರಾಂತಿ ಮುಗಿದ ವಾರ ರಾಯಚೂರಿನಿಂದ ನಾರಾಯಣಪೇಟೆಗೆ ಹೊರಟೆ. ಏಳೂವರೆಗೆ ಬಿಡಬೇಕಾದ ತೆಲಂಗಾಣದ ಬಸ್ಸು ಎಂಟಕ್ಕೆ ಬಿಟ್ಟಿತು. ಶಕ್ತಿನಗರದ ಚಿಮಣಿಗಳು ಹಿಂದೆ ಸರಿದು ಕೃಷ್ಣೆಯ ಸೇತುವೆ ಬಂದಾಗ ಅರ್ಧ ಬಸ್ಸು ಕೈ ಮುಗಿಯಿತು. ಮುಂದಿನ ಸೀಟಿನವರೊಬ್ಬರು ಕಿಟಕಿಯಿಂದ ನಾಣ್ಯ ಎಸೆದರು. ನದಿಯಲ್ಲಿ ನೀರಿಗಿಂತ ಬಂಡೆಯೇ ಹೆಚ್ಚಿದ್ದುದರಿಂದ ಅದು ಯಾವುದರ ಮೇಲೆ ಬಿತ್ತೋ ತಿಳಿಯಲಿಲ್ಲ. ಹೊಳೆಯ ಆಚೆ ತೆಲಂಗಾಣ. ಅಲ್ಲಿಂದ ಹತ್ತಿದ ಹೆಂಗಸರೆಲ್ಲ ಕಾರ್ಡು ತೋರಿಸಿ ಪುಕ್ಕಟೆ ಟಿಕೆಟ್ ಪಡೆದರು. ನನ್ನ ಪಕ್ಕ ಕೂತಾಕೆ ನನ್ನ ಕೈಯಲ್ಲಿದ್ದ ಟಿಕೆಟ್ಟು ನೋಡಿ ಮರುಗಿದಳು. “ಅಯ್ಯ, ನಿಮ್ದು ಆ ಕಡೀ ಕಾರ್ಡಾ? ರೊಕ್ಕ ಕೊಟ್ಟು ಕುಂತೀರೇನ್ರಿ, ಪಾಪ.” ನಮ್ಮ ಕಡೆಯ ಬಸ್ಸಿನಲ್ಲಿ ನನಗೂ ಪುಕ್ಕಟೆಯೇ ಎಂದು ಹೇಳಿ ಮಾನ ಉಳಿಸಿಕೊಂಡೆ.

ನಾನು ರಾಯಚೂರಿನ ಒಂದು ಕಾಲೇಜಿನಲ್ಲಿ ಪಾಠ ಹೇಳುತ್ತೇನೆ. ಬಿಡುವಿನಲ್ಲಿ ಕಂಪ್ಯೂಟರಿನೊಳಗೆ ಊರು ಕಟ್ಟುತ್ತೇನೆ. ಇದು ಆಟದಂತೆ ಕಂಡರೂ ಆಟವಲ್ಲ. ಮನೆ, ಓಣಿ, ಅಂಗಡಿ, ನೆರಳು, ಚರಂಡಿ, ಏರು ಇಳಿವು ಎಲ್ಲವನ್ನೂ ನಕ್ಷೆಯಿಂದ ಎತ್ತಿ ಅದರೊಳಗೆ ಕೂಡಿಸುತ್ತೇವೆ. ಆಮೇಲೆ ಮಂದಿಯನ್ನು ಬಿಡುತ್ತೇವೆ. ಒಬ್ಬೊಬ್ಬರಿಗೂ ವಯಸ್ಸು, ಮನೆ, ಕಸುಬು, ದಣಿವು ಇರುತ್ತವೆ. ಬೆಳಗಾದ ಕೂಡಲೆ ಈ ಗೊಂಬೆ ಮಂದಿ ತಮ್ಮಷ್ಟಕ್ಕೆ ತಾವೇ ತೀರ್ಮಾನಿಸುತ್ತಾರೆ: ನಡೆಯಬೇಕೋ, ಆಟೋ ಹತ್ತಬೇಕೋ, ಮನೆಯಲ್ಲೇ ಕೂರಬೇಕೋ. ಓಣಿ ಅಗಲ ಮಾಡಿದರೆ ಎಷ್ಟು ಜನ ಹೆಚ್ಚು ನಡೆಯುತ್ತಾರೆ, ಗಿಡ ನೆಟ್ಟರೆ ಎಷ್ಟು, ಅಂಗಡಿ ದೂರವಾದರೆ ಎಷ್ಟು ಎಂಬುದನ್ನು ಕಲ್ಲು ಮಣ್ಣು ಮುಟ್ಟದೆ ನೋಡಬಹುದು. ನಿಜದ ಊರಿನಲ್ಲಿ ರಸ್ತೆ ಒಡೆದು, ಸರಿಬರಲಿಲ್ಲವೆಂದು ಮತ್ತೆ ಕಟ್ಟಲು ಆಗುತ್ತದೆಯೇ?

ಆ ಗೊಂಬೆಗಳ ನಡುವೆ ಒಬ್ಬಳು ನನ್ನ ಅಕ್ಕ. ದೊಡ್ಡಮ್ಮನ ಮಗಳು ಮಾದೇವಕ್ಕನನ್ನು ನಾರಾಯಣಪೇಟೆಗೆ ಕೊಟ್ಟಿದ್ದಾರೆ. ಭಾವನದು ಸೀರೆ ಅಂಗಡಿ. ಅಕ್ಕನಿಗೆ ಶುಗರ್ ಬಂದು ಕೆಲವು ವರ್ಷವಾಗಿತ್ತು. ಈಚೆಗೆ ಎಡಗಾಲ ಪಾದ ಜೋಮು ಹಿಡಿಯತೊಡಗಿತ್ತು. ಯುಗಾದಿಯತನಕ ದಿನಾ ನಡೆಯಬೇಕು, ನಿಲ್ಲದೆ ನಡೆಯಬೇಕು, ಅಷ್ಟಕ್ಕೂ ಇಳಿಯದಿದ್ದರೆ ಇನ್ಸುಲಿನ್ ಎಂದು ಡಾಕ್ಟರು ಹೇಳಿದ್ದರು. ದೊಡ್ಡಮ್ಮನಿಗೂ ಪಾದದಿಂದಲೇ ಶುರುವಾಗಿ ಕೊನೆಗೆ ಮೊಣಕಾಲಿನ ಕೆಳಗೆ ಕಾಲು ತೆಗೆದಿದ್ದರು. ಅಕ್ಕನಿಗೆ ಸೂಜಿಯ ಹೆದರಿಕೆ ಇರಲಿಲ್ಲ, ಅದರ ಆಚೆ ಇರುವುದರ ಹೆದರಿಕೆ ಇತ್ತು. ನನಗೂ ಅದೇ.

ಅಕ್ಕನ ವಯಸ್ಸು, ಓಣಿ, ಕಾಲಿನ ಜೋಮು ಎಲ್ಲ ಕೊಟ್ಟು ನಾನು ಮಾಡಿದ ಗೊಂಬೆ ದಿನಾ ಬೆಳಿಗ್ಗೆ ಎದ್ದು ಊರ ತುದಿಯ ಹಳೇ ಬಾವಿಯತನಕ ನಡೆದು ಬರುತ್ತಿತ್ತು. ನಿಜದ ಅಕ್ಕನಿಗೆ ಫೋನು ಮಾಡಿದರೆ, “ನಾಳಿಂದ ಹೋಗತೀನವ್ವ” ಅನ್ನುತ್ತಿದ್ದಳು. ಆ ನಾಳೆ ದೀಪಾವಳಿಯಿಂದಲೂ ಬಂದಿರಲಿಲ್ಲ. ನಾರಾಯಣಪೇಟೆ, ಮಕ್ತಲ್, ಗದ್ವಾಲ್ ಮೂರೂರಿನ ನಕ್ಷೆ ತಾಳೆ ನೋಡಿ ಬರುತ್ತೇನೆ ಎಂದು ಕಾಲೇಜಿಗೆ ಹೇಳಿ ರಜೆ ಹಾಕಿದೆ. ನಿಜವಾಗಿ ಹೊರಟಿದ್ದು ಅಕ್ಕನನ್ನು ಹೊಸ್ತಿಲು ದಾಟಿಸಲು.

ಮಕ್ತಲ್ ದಾಟಿ ನಾರಾಯಣಪೇಟೆ ಮುಟ್ಟುವ ಹೊತ್ತಿಗೆ ಬಿಸಿಲು ಏರಿತ್ತು. ಅಕ್ಕನ ಓಣಿ ಹಳೆಯದು. ಎರಡೂ ಬದಿಗೆ ಮನೆಮನೆಗೂ ಕಲ್ಲಿನ ಕಟ್ಟೆ, ಕಟ್ಟೆ ತುಂಬ ಮಂದಿ. ಒಳಗಿನಿಂದ ಮಗ್ಗದ ಸದ್ದು ಅಲ್ಲೊಂದು ಇಲ್ಲೊಂದು ಕೇಳುತ್ತದೆ, ಮೊದಲಿನಷ್ಟಿಲ್ಲ. ಬಸ್‌ಸ್ಟ್ಯಾಂಡಿನಿಂದ ಅಕ್ಕನ ಮನೆಯತನಕ ಪ್ರತಿ ಕಟ್ಟೆಯೂ ನನ್ನನ್ನು ನಿಲ್ಲಿಸಿತು. ಯಾವ ಊರು, ಯಾರ ಮನೆ, ಏನಾಗಬೇಕು. ಇಲ್ಲಿ ಕೇಳುವುದು ಮರ್ಯಾದೆ; ಕೇಳದೆ ಬಿಟ್ಟರೆ ಬೇಸರ. ನನ್ನ ನಕ್ಷೆಯಲ್ಲಿ ಈ ಕಟ್ಟೆಗಳನ್ನೆಲ್ಲ ‘ಕುಳಿತು ದಣಿವಾರಿಸುವ ಜಾಗ’ ಎಂದು ಬರೆದು, ನಡೆಯುವವರಿಗೆ ಅನುಕೂಲ ಎಂದು ಅಂಕ ಕೊಟ್ಟಿದ್ದೆ.

ಅಕ್ಕನ ಅತ್ತೆ ನೀಲಮ್ಮ ಹಿತ್ತಲಲ್ಲಿ ಬಿಲ್ವದ ಗಿಡದ ಬುಡಕ್ಕೆ ಕುರ್ಚಿ ಹಾಕಿಕೊಂಡು ಪೂಜೆಗೆ ಪತ್ರಿ ಬಿಡಿಸುತ್ತಿದ್ದರು. ಎಂಬತ್ತರ ಹತ್ತಿರದ ಜೀವ, ನಾಲಗೆ ಮಾತ್ರ ಹರೆಯದ್ದು. “ಬಾ ರಾಯಚೂರಾಕಿ, ಸೊರಗೀಯಲ್ಲ. ಆ ಡಬ್ಬಿ ಮುಂದ ಕುಂತು ಕುಂತು ಏನು ಮಾಡತೀ?” ಅಂದರು. ಮಂದಿ ಹೆಂಗೆ ನಡೆಯುತ್ತಾರೆಂದು ಲೆಕ್ಕ ಹಾಕುತ್ತೇನೆ ಅಂದೆ. “ನೀ ಕುಂತು, ಮಂದಿ ನಡಿಯೂದು ನೋಡತಿಯೇನು?” ಎಂದು ಪತ್ರಿ ಬಿಡಿಸುವುದು ನಿಲ್ಲಿಸಿ ನಕ್ಕರು. ಮಧ್ಯಾಹ್ನ ಬಿಸಿ ರೊಟ್ಟಿ, ಪುಂಡಿಪಲ್ಲೆ, ಶೇಂಗಾ ಹಿಂಡಿ. ಎದುರು ಮನೆಯ ರಂಗಮ್ಮ ಮಜ್ಜಿಗೆ ತಂದುಕೊಟ್ಟು, ನನ್ನ ಸಂಬಳದವರೆಗೂ ವಿಚಾರಿಸಿಕೊಂಡು ಹೋದರು. ಅವರ ಬಾಗಿಲ ಮೇಲೆ ಮೂರು ನಾಮ, ಕಟ್ಟೆಯ ಮೂಲೆಯಲ್ಲಿ ತುಳಸಿ. ಈ ಓಣಿಯಲ್ಲಿ ಅವರದೊಂದೇ ವೆಂಕಟರಮಣನ ಒಕ್ಕಲು.

ಮರುದಿನ ಬೆಳಿಗ್ಗೆ ಆರೂವರೆಗೆ ಅಕ್ಕನನ್ನು ಎಬ್ಬಿಸಿ ಹೊರಡಿಸಿದೆ. ಚಳಿ ಹಿತವಾಗಿತ್ತು. ಅಕ್ಕ ಹೊಸ್ತಿಲ ಹತ್ತಿರ ಬಂದವಳು ಒಳಗೆ ಹೋಗಿ ಒಂದು ಖಾಲಿ ಚೀಲ ತಂದಳು.

“ಚೀಲ ಯಾಕಕ್ಕ? ಏನು ತರೂದೈತಿ?”

“ಏನಿಲ್ಲ. ಖಾಲಿ ಕೈಲಿ ಹೆಂಗ ಹೋಗೂದವ್ವ?”

“ವಾಕಿಂಗಿಗೆ ಚೀಲ ಹಿಡಕೊಂಡು ಯಾರರ ಹೋಗತಾರೇನು? ಕೈ ಬೀಸಿ ನಡೀಬೇಕು.” ಚೀಲ ಕಸಿದು ಬಾಗಿಲ ಹಿಂದೆ ಎಸೆದೆ.

ಮೊದಲ ಕಟ್ಟೆಯಲ್ಲಿ ಬೇವಿನ ಕಡ್ಡಿ ಜಗಿಯುತ್ತಿದ್ದ ಹಿರಿಯರು ಕೇಳಿದರು, “ಯಾ ಕಡಿ ಮಾದೇವಮ್ಮ?” ಅಕ್ಕ ನಿಂತಳು. ನಾನು ಮೊಣಕೈ ಹಿಡಿದು ಎಳೆದೆ. ಡಾಕ್ಟರು ಹೇಳಿದ್ದು ನಿಲ್ಲದೆ ನಡೆಯಲು. ಮುಂದಿನ ಕಟ್ಟೆಯಲ್ಲಿ ಅದೇ ಪ್ರಶ್ನೆ ತೆಲುಗಿನಲ್ಲಿ ಬಂತು: “ಎಟು ಪೋತುನ್ನವಮ್ಮಾ?” ಅಕ್ಕನಿಗೆ ಏನು ಹೇಳಬೇಕೋ ತೋಚಲಿಲ್ಲ. ‘ಸುಮ್ಮನೆ ನಡೆಯಾಕ’ ಎಂಬುದು ಅವಳ ಬಾಯಲ್ಲಿ ಹೊರಡುವ ಮಾತಲ್ಲ. ತಲೆ ಮೇಲೆ ಸೆರಗು ಎಳೆದುಕೊಂಡು, ಮುಖ ಕೆಳಗೆ ಹಾಕಿ, ಬಿರಬಿರನೆ ನಡೆದಳು. ನನಗೆ ಬೇಕಾಗಿದ್ದೂ ಅದೇ. ನನ್ನ ಗೊಂಬೆ ಕೊನೆಗೂ ನಡೆಯುತ್ತಿದೆ ಎಂದು ಹಿಗ್ಗಿದೆ.

ಊರ ತುದಿಯ ಬಾವಿ ಮುಟ್ಟಿದೆವು. ಕಲ್ಲಿನ ಮೆಟ್ಟಿಲು, ತಳದಲ್ಲಿ ಪಾಚಿ ನೀರು, ದಂಡೆಯ ಮೇಲೆ ದೊಡ್ಡ ಬಿಲ್ವದ ಗಿಡ. ಅಕ್ಕನ ಹಣೆ ಬೆವರಿತ್ತು, ಕಣ್ಣು ಹೊಳೆಯುತ್ತಿತ್ತು. “ಸಣ್ಣಾಕಿದ್ದಾಗ ನಮ್ಮೂರಾಗ ಅವ್ವನ ಕೂಡ ಇಷ್ಟ ದೂರ ನೀರಿಗೆ ಹೋಗತಿದ್ದೆ. ಈಗ ನಳ ಬಂದಾವ,” ಅಂದಳು. ಹಾಗನ್ನುತ್ತಲೇ ಆಕೆಯ ಮುಖ ಬಿಳಿಚಿತು. ಬಾವಿಯಿಂದ ನಾಲ್ಕು ಮನೆ ಆಚೆ ನೀಲಮ್ಮನ ತಮ್ಮ ಶರಣಪ್ಪನವರ ಮನೆ. ತಿಂಗಳಿಂದ ಅವರಿಗೆ ಆರಾಮಿರಲಿಲ್ಲ. ಆ ಮನೆಯ ಕಡೆಗೆ ಓಣಿಯ ಹೆಂಗಸರು, ಗಂಡಸರು ಸಾಲಾಗಿ ಬರುತ್ತಿದ್ದರು. ಯಾರ ಕೈಯಲ್ಲೂ ಏನಿಲ್ಲ, ಯಾರ ಬಾಯಲ್ಲೂ ಮಾತಿಲ್ಲ. ಹಿಂದೆ ಸ್ಕೂಟರಿನಲ್ಲಿ ಭಾವ, ಅವನ ಬೆನ್ನಿಗಾತು ಅಳುತ್ತ ನೀಲಮ್ಮ.

“ಮಾಮ ಹ್ವಾದ್ರು!” ಎಂದು ಅಕ್ಕ ಚೀರಿ ಓಡಿದಳು. ನಾನೂ ಓಡಿದೆ.

ಅಂಗಳದಲ್ಲಿ ಎಲ್ಲರೂ ಸೇರುವ ಹೊತ್ತಿಗೆ ಬಾಗಿಲು ತೆರೆಯಿತು. ಅರ್ಧ ಗಡ್ಡಕ್ಕೆ ಸೋಪು ಹಚ್ಚಿಕೊಂಡ ಶರಣಪ್ಪನವರು ಹೊರಗೆ ಬಂದರು. ಕ್ಷೌರದ ಕತ್ತಿ ಕೈಯಲ್ಲಿ ಹಿಡಿದೇ, ಸೊಸೆಯನ್ನು ಅಪ್ಪಿಕೊಂಡು ಅಳುವ ನೀಲಮ್ಮನನ್ನು, ತಲೆ ತಗ್ಗಿಸಿ ನಿಂತ ಓಣಿಯನ್ನು ನೋಡಿದರು.

“ಯಾರು ಹ್ವಾದ್ರು?” ಅಂದರು.

ಮುಂದೆ ನಿಂತಿದ್ದ ರಂಗಮ್ಮ, “ನೀವೇ ಅಂತ ಬಂದೀವ್ರಿ” ಅಂದರು.

ಬೆಳಿಗ್ಗೆ ನಡೆದದ್ದು ಆಮೇಲೆ ಬಿಡಿಸಿ ಬಿಡಿಸಿ ತಿಳಿಯಿತು. ಈ ಸೀಮೆಯಲ್ಲಿ ಸಾವಿನ ಮನೆಗೆ ಹೋಗುವವರು ಕೈಯಲ್ಲಿ ಏನೂ ಹಿಡಿಯುವುದಿಲ್ಲ. ದಾರಿಯಲ್ಲಿ ಯಾರಾದರೂ ಕೇಳಿದರೆ ಎಲ್ಲಿಗೆಂದು ಹೇಳುವುದಿಲ್ಲ, ನಿಲ್ಲುವುದೂ ಇಲ್ಲ. ಕೇಳಿದವರು ಅದರಿಂದಲೇ ಅರ್ಥ ಮಾಡಿಕೊಂಡು ಹಿಂದಿನಿಂದ ಎದ್ದು ಹೋಗುವುದು ನೆರೆಹೊರೆಯ ಧರ್ಮ. ರಂಗಮ್ಮ ನನ್ನ ಮೇಲೆ ಹರಿಹಾಯ್ದರು: “ಖಾಲಿ ಕೈ, ತಲಿ ಮ್ಯಾಲೆ ಸೆರಗು, ಕೇಳಿದ್ರ ಮಾತಿಲ್ಲ. ಬಾಜೂಕ ನಿನ್ನೆನ ಊರಿಂದ ಬಂದ ಬೀಗರ ಕಡೆಯಾಕಿ. ಹೊಂಟಿದ್ದು ಶರಣಪ್ಪನ ಮನಿ ಕಡೆ. ನಾವು ಏನಂತ ತಿಳಕೋಬೇಕ್ರಿ?” ಅವರ ಮಾತಿನಲ್ಲಿ ಒಂದೂ ತಪ್ಪಿರಲಿಲ್ಲ.

ಶರಣಪ್ಪನವರು ಮಾತ್ರ ಖುಷಿಯಾಗಿದ್ದರು. ಬದುಕಿದ್ದಾಗಲೇ ಇಷ್ಟು ಜನ ಅತ್ತಿದ್ದು ಕಂಡೆ, ಆಯುಷ್ಯ ಹೆಚ್ಚಾಯಿತು ಎಂದು ಎಲ್ಲರಿಗೂ ಚಹಾ ಕುಡಿಸಿದರು. ಭಾವನಿಗೆ ಖುಷಿ ಇರಲಿಲ್ಲ. ಯಾರೋ ಫೋನು ಮಾಡಿದ್ದಕ್ಕೆ, ಮದುವೆ ಗಿರಾಕಿಗೆಂದು ಅಂದು ಬೇಗ ತೆರೆದಿದ್ದ ಅಂಗಡಿ ಮುಚ್ಚಿ, ತಾಯಿಯನ್ನು ಕೂರಿಸಿಕೊಂಡು ಬಂದಿದ್ದ; ಅವನನ್ನು ನೋಡಿ ಬಾಜೂ ಚಹಾ, ಕಿರಾಣಿ ಅಂಗಡಿಯವರೂ ಮರ್ಯಾದೆಗೆ ಷಟರ್ ಅರ್ಧ ಇಳಿಸಿದ್ದರು. “ಸಾಕು ನಿಮ್ಮ ವಾಕಿಂಗು,” ಎಂದಷ್ಟೇ ಹೇಳಿ ಹೋದ. ನೀಲಮ್ಮ ದಿನವಿಡೀ ನನ್ನ ಕೂಡ ಮಾತಾಡಲಿಲ್ಲ. ಮೊದಲ ದಿನ ಅಷ್ಟು ಕೀಟಲೆ ಮಾಡಿದ ಜೀವ ಮೂಲೆಯಲ್ಲಿ ಸುಮ್ಮನೆ ಕೂತದ್ದು ನೋಡಿ ನನಗೆ ಊಟ ಸೇರಲಿಲ್ಲ. ಸಂಜೆ ಅಕ್ಕ ಅಡುಗೆಮನೆಯಲ್ಲಿ ರೊಟ್ಟಿ ಬಡಿಯುತ್ತ, ನನ್ನ ಕಡೆ ನೋಡದೆ ಹೇಳಿದಳು. “ಇನ್ನ ನಾ ಹೊಸ್ತಿಲ ದಾಟಂಗಿಲ್ಲ ತಂಗಿ. ಸೂಜಿ ಚುಚ್ಚಿಸಿಕೋತೀನಿ. ಮುಂದಿನದು ಶಿವ ನೋಡಕೋತಾನ.”

ಇದ್ದ ಸಣ್ಣ ಆಸೆಯನ್ನೂ ನಾನೇ ಕೆಡಿಸಿದ್ದೆ. ಮೂರನೆಯ ದಿನ ಬೆಳಿಗ್ಗೆ ಮಕ್ತಲ್‌ಗೆ ಬಸ್ಸು ಹತ್ತುವಾಗ ಯಾವ ಕಟ್ಟೆಯೂ ನನ್ನನ್ನು ಏನೂ ಕೇಳಲಿಲ್ಲ.

ಮಕ್ತಲ್ ಹೆದ್ದಾರಿಯ ಊರು. ಊರಿನ ನಡುವೆ ಲಾರಿಗಳು, ರಸ್ತೆಯ ಎರಡೂ ಕಡೆ ಕಾಲುದಾರಿ ಇದೆ ಎಂದು ನನ್ನ ನಕ್ಷೆ ಹೇಳುತ್ತದೆ. ಹೋಗಿ ನೋಡಿದರೆ ಕಾಲುದಾರಿಯ ಮೇಲೆ ಗೊಬ್ಬರದ ಚೀಲ, ಪ್ಲಾಸ್ಟಿಕ್ ಕೊಡ, ಒಂದು ಕಡೆ ಮಂಚ, ಮಂಚದ ಮೇಲೆ ಮಲಗಿದ ಅಂಗಡಿಕಾರ. ಜನ ಲಾರಿಯ ಪಕ್ಕದಲ್ಲೇ ನಡೆಯುತ್ತಿದ್ದರು. ಮಂಡಕ್ಕಿ ಒಗ್ಗರಣಿ, ಮಿರ್ಚಿ ತಿಂದು, ಹನುಮಪ್ಪನ ಗುಡಿಯತನಕ ನಡೆದೇ ಹೋಗೋಣವೆಂದು ಹೊರಟರೆ ಒಬ್ಬ ಆಟೋದವನು ಪಕ್ಕದಲ್ಲೇ ನಿಧಾನವಾಗಿ ಬರತೊಡಗಿದ.

“ಕೂಡ್ರಿ ಮೇಡಂ.”

“ಬ್ಯಾಡಪ್ಪ, ನಡಕೊಂಡು ಹೋಗತೀನಿ.”

“ನಡದು ಏನು ಮಾಡತೀರಿ?”

ಆರೋಗ್ಯಕ್ಕೆ ಅಂದೆ. ಅವನು ನನ್ನನ್ನು ಮೇಲಿಂದ ಕೆಳಗೆ ನೋಡಿ, “ಏನಾಗೈತ್ರಿ ನಿಮಗ? ದವಾಖಾನಿಗೆ ಬಿಡಲೇನು?” ಎಂದು ಮನಸಾರೆ ಮರುಗಿದ. ಇವರ ಕಣ್ಣಿನಲ್ಲಿ ಕೆಲಸವಿಲ್ಲದೆ ನಡೆಯುವವರು ರೋಗಿಗಳು, ಇಲ್ಲವೇ ಸಾವಿನ ಮನೆಯವರು. ಆಟೋ ಹತ್ತಿ ಕೂತೆ. ಇಪ್ಪತ್ತು ರೂಪಾಯಿ ಕೊಟ್ಟು ಗುಡಿಯ ಮುಂದೆ ಇಳಿದೆ.

ಮಧ್ಯಾಹ್ನ ಗದ್ವಾಲಿಗೆ ಹೋಗುವ ಬಸ್ಸು ಜೂರಾಲ ಅಣೆಕಟ್ಟಿನ ಮೇಲೆ ಹಾಯಿತು. ಒಂದು ಕಡೆ ಕಣ್ಣು ಮುಟ್ಟುವಷ್ಟು ನೀರು, ಇನ್ನೊಂದು ಕಡೆ ಬಂಡೆ. ದಡದ ಅಂಗಡಿಗಳಲ್ಲಿ ಮೀನು ಹುರಿಯುವ ವಾಸನೆ. ಲಿಂಗ ಕಟ್ಟಿದ ನಾನು ಮೂಗು ಮುಚ್ಚಿಕೊಂಡೆನಾದರೂ ಪಕ್ಕದ ಸೀಟಿನ ಮಗು ಕಿಟಕಿಯಿಂದ ಕೊಂಡ ಮೀನು ತಿನ್ನುವುದನ್ನು ನೋಡುತ್ತ ಕೂತೆ. ಗದ್ವಾಲಿನಲ್ಲಿ ಬಸ್‌ಸ್ಟ್ಯಾಂಡಿನ ಹತ್ತಿರ ಲಾಡ್ಜು ಸಿಕ್ಕಿತು. ರೂಮು ಸ್ವಚ್ಛವಿತ್ತು, ಬಿಸಿನೀರು ಬೆಳಿಗ್ಗೆ ಮಾತ್ರ.

ಮರುದಿನ ಬೆಳಿಗ್ಗೆ ಕೋಟೆಯ ಒಳಗಿನ ಬಯಲಿಗೆ ಹೋದೆ. ಗಂಡಸರು ಬೂಟು ಹಾಕಿ, ಕಿವಿಗೆ ಮಫ್ಲರ್ ಸುತ್ತಿ, ಕೈ ಬೀಸಿ, ದೊಡ್ಡ ದನಿಯಲ್ಲಿ ರಾಜಕೀಯ ಮಾತಾಡುತ್ತ ಸುತ್ತುತ್ತಿದ್ದರು. ಬಯಲಿನಲ್ಲಿ ಹೆಂಗಸರು ಕಾಣಲಿಲ್ಲ. ಅವರೆಲ್ಲ ಚೆನ್ನಕೇಶವನ ಗುಡಿಯಲ್ಲಿದ್ದರು. ಅಲ್ಲಿ ಪ್ರದಕ್ಷಿಣೆ ನಡೆದಿತ್ತು, ನಿಧಾನದ ಪ್ರದಕ್ಷಿಣೆಯಲ್ಲ, ಸೆರಗು ಸೊಂಟಕ್ಕೆ ಸಿಕ್ಕಿಸಿಕೊಂಡ ಬಿರುಸಿನ ಪ್ರದಕ್ಷಿಣೆ. ನಾನೂ ಸೇರಿಕೊಂಡೆ. ನನ್ನ ಜೊತೆ ಸುತ್ತಿದವರು ಸರೋಜಮ್ಮ, ಬ್ಯಾಂಕಿನಲ್ಲಿದ್ದು ನಿವೃತ್ತರಾದವರು, ತವರು ರಾಯಚೂರು. ಇಷ್ಟು ಭಕ್ತಿ ಎಲ್ಲಿಂದ ಬಂತೆಂದು ಕೇಳಿದೆ.

“ಬಿ.ಪಿ. ಬಂತು, ಭಕ್ತಿ ಬಂತು,” ಎಂದು ಅವರು ನಕ್ಕರು. “ಅಲ್ರಿ, ನಾ ಊರಾಗ ಸುತ್ತಿದ್ರ ‘ತಿರುಗಾಕ ಹತ್ಯಾಳ’ ಅಂತಾರ. ದೇವರ ಸುತ್ತ ಸುತ್ತಿದ್ರ ‘ಪುಣ್ಯವಂತಿ’ ಅಂತಾರ. ಕಾಲಿಗೆ ಎರಡೂ ಒಂದ ಅಲ್ಲೇನು?”

ಅಕ್ಕನ ಖಾಲಿ ಚೀಲ ನೆನಪಾಯಿತು. ಸರೋಜಮ್ಮನಿಗೆ ದೇವರು ಏನೋ ಅಕ್ಕನಿಗೆ ಆ ಚೀಲ ಅದೇ ಆಗಿತ್ತು. ಅವಳು ನೆಪ ಹಿಡಿದುಕೊಂಡೇ ಹೊಸ್ತಿಲಿಗೆ ಬಂದಿದ್ದಳು; ನಾನು ಕಸಿದು ಎಸೆದಿದ್ದೆ.

ಲಾಡ್ಜಿಗೆ ಬಂದು, ಮಧ್ಯಾಹ್ನದ ಊಟ ಬಿಟ್ಟು, ನನ್ನ ನಾರಾಯಣಪೇಟೆಯನ್ನು ಬಿಚ್ಚಿ ಕೂತೆ. ಗೊಂಬೆಗಳಿಗೆ ಹೊಸದೊಂದು ಕಟ್ಟಳೆ ಕೊಟ್ಟೆ: ಹೆಂಗಸು ಹೊರಗೆ ಬೀಳಬೇಕಾದರೆ ಕಟ್ಟೆಯವರಿಗೆ ಹೇಳಲು ಒಂದು ಕೆಲಸ ಇರಬೇಕು. ಹಿಂದೆ ಆ ಓಣಿಯಲ್ಲಿ ಅಂಥ ಕೆಲಸಗಳಿಗೆ ಬರವಿರಲಿಲ್ಲ. ಬಾವಿಯ ನೀರು, ಗಿರಣಿ, ನೂಲಿಗೆ ಬಣ್ಣ ಹಾಕಿಸುವುದು, ಬೀದಿಯಲ್ಲಿ ಮಗ್ಗದ ಉದ್ದನೂಲಿನ ಹಾಸು ಚಾಚಿ ಗಂಜಿ ಹಚ್ಚುತ್ತ ಮುಂಜಾನೆಯೆಲ್ಲ ಹಿಂದೆ ಮುಂದೆ ಓಡಾಡುವುದು. ಈಗ ನೀರು ಅಡುಗೆಮನೆಗೆ ಬಂದಿದೆ, ಹಿಟ್ಟು ಪಾಕೀಟಿನಲ್ಲಿ, ಹಾಸು ಸಿದ್ಧವಾಗಿ ಬರುತ್ತದೆ. ಒಳ್ಳೆಯದೇ, ಕೊಡ ಹೊತ್ತವರ ಸೊಂಟ ನೋವು ನನಗೆ ಗೊತ್ತಿದೆ, ಅದು ವಾಪಸ್ ಬರಲಿ ಎಂದು ಹೇಳುವವಳು ನಾನಲ್ಲ. ಆದರೆ ಒಂದೊಂದು ಅನುಕೂಲವೂ ಮನೆಯೊಳಗೆ ಬರುವಾಗ ಹೊರಗೆ ಹೋಗುವ ಒಂದೊಂದು ನೆಪವನ್ನು ತೆಗೆದುಕೊಂಡು ಹೋಗಿತ್ತು.

ಮಾದರಿಯನ್ನು ಓಡಿಸಿದೆ. ಓಣಿ ಅಗಲ ಮಾಡಿದೆ, ಹೆಂಗಸರು ಹೊರಗೆ ಬರಲಿಲ್ಲ. ದೀಪ ಹಾಕಿಸಿದೆ, ನೆರಳು ಕೊಟ್ಟೆ, ಕಲ್ಲು ಹಾಸಿದೆ. ಗಂಡಸರು ಹೆಚ್ಚು ನಡೆದರು. ಹೆಂಗಸರು ಕೆಲವರು ಬಾಗಿಲಿಗೆ ಬಂದು ಒಳಗೆ ಹೋದರು. ನನ್ನ ಗೊಂಬೆ ಅಕ್ಕ ಮೊದಲ ಸಲ ಮನೆಯಲ್ಲೇ ಕೂತಳು. ಮಾದರಿ ನಿಜಕ್ಕೆ ಹತ್ತಿರ ಬಂದಿತ್ತು, ಕಲಿಸಿದ ಗುರುಗಳು ಇದ್ದಿದ್ದರೆ ಬೆನ್ನು ತಟ್ಟುತ್ತಿದ್ದರು. ನನಗೆ ಅಳು ಬಂತು. ಇಷ್ಟು ದಿನ ಕಂಪ್ಯೂಟರಿನಲ್ಲಿ ನಡೆಯುತ್ತಿದ್ದವಳು ನನ್ನ ಅಕ್ಕನಾಗಿರಲಿಲ್ಲ, ಅಕ್ಕನ ಹೆಸರಿಟ್ಟುಕೊಂಡ ನಾನೇ ಆಗಿದ್ದೆ. ಕಂಪ್ಯೂಟರು ಸುಳ್ಳು ಹೇಳುವುದಿಲ್ಲ. ನಾವು ಅದರ ಕಿವಿಯಲ್ಲಿ ಹೇಳಿದ್ದನ್ನೇ ಗಟ್ಟಿ ದನಿಯಲ್ಲಿ ನಮಗೆ ತಿರುಗಿ ಹೇಳುತ್ತದೆ.

ಗದ್ವಾಲಿನಿಂದ ರಾಯಚೂರಿಗೆ ರೈಲಿದೆ. ಅದೇ ನನ್ನ ಲೆಕ್ಕವಾಗಿತ್ತು: ಮರುದಿನ ರೈಲು ಹತ್ತಿದರೆ ಊಟದ ಹೊತ್ತಿಗೆ ಮನೆ. ಬೆಳಗಾದ ಮೇಲೆ ಸ್ಟೇಷನ್ನಿಗೆ ಹೋಗಿ ಟಿಕೆಟ್ ಕಿಟಕಿಯ ಸಾಲಿನಲ್ಲಿ ನಿಂತೆ. ನನ್ನ ಸರದಿ ಬಂದಾಗ “ಎಕ್ಕಡಿಕಮ್ಮಾ?” ಎಂದು ಒಳಗಿನವರು ಕೇಳಿದರು. ಎಲ್ಲಿಗೆ? ಕಟ್ಟೆಯವರ ಪ್ರಶ್ನೆಯೇ. ಸಾಲಿನಿಂದ ಹೊರಗೆ ಬಂದೆ. ಬಸ್‌ಸ್ಟ್ಯಾಂಡಿಗೆ ಹೋಗಿ ಮಕ್ತಲ್ ಬಸ್ಸು ಹಿಡಿದೆ, ಅಲ್ಲಿ ಬಹಳ ಹೊತ್ತು ಕಾದು ನಾರಾಯಣಪೇಟೆಯ ಬಸ್ಸು. ಹೋಗಿ ಏನು ಮಾಡುವುದೆಂದು ಗೊತ್ತಿರಲಿಲ್ಲ. ಅಕ್ಕನ ಚೀಲ ಅಕ್ಕನ ಕೈಗೆ ಕೊಟ್ಟು ತಪ್ಪಾಯಿತು ಅನ್ನಬೇಕಿತ್ತು.

ಸಂಜೆ ಮುಟ್ಟಿದಾಗ ಅಕ್ಕ ಮನೆಯಲ್ಲಿರಲಿಲ್ಲ. ನೀಲಮ್ಮ ಹಿತ್ತಲಲ್ಲಿ ಅದೇ ಬಿಲ್ವದ ಗಿಡದ ಬುಡಕ್ಕೆ ಕೂತಿದ್ದರು.

“ಅಕ್ಕ ಎಲ್ಲಿ ಹೋಗ್ಯಾಳ್ರಿ ಅಮ್ಮ?”

“ಪತ್ರಿ ತರಾಕ.”

“ಎಲ್ಲಿಗೆ?”

“ಬಾವಿ ಗಿಡಕ್ಕ. ಮುಂಜಾಲೆ ಒಮ್ಮಿ ಹೋಗಿದ್ಲು. ಸಂಜಿ ಪೂಜಾಕ ತಾಜಾ ಬೇಕು ಅಂದೆ, ಮತ್ತ ಹೋಗ್ಯಾಳ.”

ನಾನು ತಲೆಯೆತ್ತಿ ನೋಡಿದೆ. ಅವರ ತಲೆಯ ಮೇಲೆ ಗಿಡ ತುಂಬ ಮೂರೆಲೆಯ ಹಸಿರು ಪತ್ರಿ ತೂಗುತ್ತಿತ್ತು.

“ಇದಕ್ಕ ಹುಳ ಬಿದ್ದೈತಿ,” 

ನಾನು ಕೇಳುವ ಮೊದಲೇ ನೀಲಮ್ಮ ಅಂದರು. ಒಂದು ಟೊಂಗೆ ಬಗ್ಗಿಸಿ ಎಲೆ ತಿರುವಿ ನೋಡಿದೆ. ಹುಳವಿರಲಿಲ್ಲ. ಇನ್ನೊಂದು ನೋಡಿದೆ.

“ನಿನಗ ಕಾಣಂಗಿಲ್ಲ ಬಿಡು. ಆ ಡಬ್ಬಿ ನೋಡಿ ನೋಡಿ ಹೋಗ್ಯಾವ ನಿನ್ನ ಕಣ್ಣು. ಹಿತ್ತಲ ಗಿಡ ಮದ್ದಲ್ಲ ಅಂತಾರ, ಕೇಳಿಲ್ಲೇನು?” ಅಂದವರು ನಗಲಿಲ್ಲ. ಆಮೇಲೆ ತಾವಾಗಿಯೇ ಹೇಳಿದರು. “ಅವತ್ತು ತಮ್ಮ ಹ್ವಾದ ಅಂತ ಸ್ಕೂಟರಿನ ಮ್ಯಾಲೆ ಅಳಕೋತ ಹೊಂಟಿದ್ದೆ ನೋಡು, ದಾರಿ ತುಂಬ ಒಂದ ಯೋಚನಿ. ಹೋಗೂದಿದ್ರ ಮೊದಲ ನಾ ಹೋಗಬೇಕು. ಸಣ್ಣವರು ನನ್ನ ಮುಂದ ಹೋಗಬಾರದು. ನನ್ನ ಸೊಸಿ ಅವ್ವನ ಕಾಲು ತಗದಾಗ ನಾ ದವಾಖಾನಿಗೆ ಹೋಗಿದ್ದೆ. ಕಂಡೀನಿ.” ಕಣ್ಣೊರೆಸಿಕೊಂಡು ದನಿ ಬದಲಿಸಿದರು. “ಪತ್ರಿನೂ ಬರತೈತಿ, ಹಂಗ ಹೋದಾಕಿ ತಮ್ಮನ ಮಾರಿ ನೋಡಿ, ಇದ್ದಾನೋ ಇಲ್ಲೋ ಅಂತ ನನಗ ಹೇಳತಾಳ. ನಿನ್ನ ವಾಕಿಂಗಿಗೂ ಇದಕ್ಕೂ ಏನೂ ಸಂಬಂಧ ಇಲ್ಲ, ತಿಳೀತಿಲ್ಲೋ?”

ತಿಳಿಯಿತು ಅಂದೆ. ಭಾವನಿಗೂ ಅವರು ಹೀಗೇ ಹೇಳಿದ್ದರಂತೆ. ದೇವರ ಕೆಲಸಕ್ಕೆ ಅವನು ಏನು ಹೇಳಿಯಾನು?

ಅಕ್ಕ ಬಂದಳು. ಕೈಯಲ್ಲಿ ಬಿದಿರ ಬುಟ್ಟಿ, ಹಣೆಯಲ್ಲಿ ಬೆವರು. ನನ್ನನ್ನು ನೋಡಿ, “ರೈಲು ತಪ್ಪಿತೇನು?” ಅಂದಳು. ಹೂಂ ಅಂದೆ. ಅತ್ತೆಯ ಮುಂದೆ ಬುಟ್ಟಿಯಿಟ್ಟು, ಮಾಮ ಚೆನ್ನಾಗಿದ್ದಾರೆ, ಎರಡು ರೊಟ್ಟಿ ತಿಂದರಂತೆ ಎಂದು ವರದಿ ಒಪ್ಪಿಸಿದಳು. ಹಿತ್ತಲ ಗಿಡದ ಕಡೆ ಆಕೆ ನೋಡಲಿಲ್ಲ, ನೋಡದೆ ಇರುವುದರಲ್ಲೇ ಆಕೆಗೆ ಎಲ್ಲ ಗೊತ್ತಿದೆಯೆಂದು ನನಗೆ ತಿಳಿಯಿತು. ಅತ್ತೆ ಸೊಸೆ ಇಬ್ಬರೂ ಆ ಹುಳವನ್ನು ಒಪ್ಪಿಕೊಂಡಿದ್ದರು.

ಯುಗಾದಿಗೆ ರಕ್ತಪರೀಕ್ಷೆ ಏನು ಹೇಳುತ್ತದೋ ನನಗೆ ಗೊತ್ತಿಲ್ಲ. ಯಾವ ಮಾದರಿಯೂ ಅದನ್ನು ಹೇಳಲಾರದು. ಮೂರೂರಿನ ಬಗ್ಗೆ ಕಾಲೇಜಿಗೆ ಕೊಡುವ ವರದಿಯಲ್ಲಿ ಏನು ಬರೆಯಬೇಕೆಂಬುದು ಮಾತ್ರ ಗಟ್ಟಿಯಾಗಿತ್ತು: ಓಣಿ ಅಗಲ ಮಾಡಲು ಕಟ್ಟೆ ಒಡೆಯಬೇಡಿ, ನಡೆಯುವ ದಾರಿಯ ಆ ತುದಿಗೆ ಹೋಗಲೇಬೇಕಾದಂಥದ್ದು ಏನಾದರೂ ಇಡಿ.

ಕೊನೆಯ ಬೆಳಿಗ್ಗೆ ಅಕ್ಕ ಬುಟ್ಟಿ ಹಿಡಿದು ನನಗಿಂತ ಮೊದಲೇ ಹೊರಬಿದ್ದಳು. ನಾನು ಬಸ್‌ಸ್ಟ್ಯಾಂಡಿಗೆ ಬಂದು ಕಿಟಕಿ ಪಕ್ಕ ಕೂತೆ. ಬಸ್ಸು ಊರಿನ ತುದಿಯ ತಿರುವಿನಲ್ಲಿ ನಿಧಾನವಾದಾಗ ಅಕ್ಕ ಕಂಡಳು. ಅವಳ ಬೆನ್ನ ಹಿಂದೆ ಓಣಿಯ ಇನ್ನಿಬ್ಬರು ಹೆಂಗಸರು, ಅವರ ಕೈಯಲ್ಲೂ ಬುಟ್ಟಿ. ಒಬ್ಬರು ರಂಗಮ್ಮ. ಅವರ ಮನೆದೇವರು ವೆಂಕಟರಮಣ, ಕಟ್ಟೆಯ ಮೇಲೆ ತುಳಸಿ ಇದೆ, ಅವರ ಮನೆಯಲ್ಲಿ ಬಿಲ್ವಪತ್ರಿಯ ಕೆಲಸವೇ ಇಲ್ಲ. ದಾರಿ ಪಕ್ಕದ ಕಟ್ಟೆಯಿಂದ ಯಾರೋ ಏನೋ ಕೇಳಿದರು. ಮೂವರೂ ಒಟ್ಟಿಗೆ ಬುಟ್ಟಿ ಎತ್ತಿ ತೋರಿಸಿದರು.

ನಾನು ಕಿಟಕಿಯಿಂದ ಕೈಬೀಸಿ “ಅಕ್ಕಾ, ಹೋಗಿ ಬರತೀನಿ” ಎಂದು ಕೂಗಿದೆ. ಅಕ್ಕ ತಿರುಗಿ ನಕ್ಕು ಕೈಯೆತ್ತಿದಳು. ನಿಲ್ಲಲಿಲ್ಲ.